ವಿವತ್ಸಾಕ್ಷೀರ ವಿಚಾರ

ಕರು ಸತ್ತ ಅಥವಾ ಕರುವನ್ನು ಅಗಲಿದ ಹಸುವಿಗೆ ‘ವಿವತ್ಸಾ’ ಎಂದು ಹೆಸರು. ಅದರ ಹಾಲನ್ನೂ, ಈದು ಹತ್ತು ದಿನ ಕಳೆಯದ ಹಸುವಿನ ಹಾಲನ್ನೂ ಮನುಸ್ಮೃತಿಯ ಐದನೆಯ ಅಧ್ಯಾಯವು ವರ್ಜ್ಯವೆಂದಿದೆ. (ಗಿಣ್ಣುಪ್ರಿಯರಿಗೆ ಈ ಮಾತು ರುಚಿಸಲಾರದು!)

ಪಾಶ್ಚಾತ್ಯರು ‘ವೀಲ್’ ಎಂಬ ಎಳೆಗರುವಿನ ಮಾಂಸವನ್ನು ತಿನ್ನುವರೆಂದರೆ ನಾವು ಕಿವಿ ಮುಚ್ಚಿಕೊಳ್ಳುತ್ತೇವೆ. ಮಾಂಸ ಬೆಳ್ಳಗಿರಲೆಂದು ಕಬ್ಬಿಣಾಂಶ ಕಡಿಮೆಯಿರುವ ಹಾಲಿನಂತಹ ಆಹಾರವನ್ನಷ್ಟೇ ಕೊಟ್ಟು, ಹೊರಳಲೂ ಎಡೆಯಿಲ್ಲದ ಗೂಡಿನಲ್ಲಿ ಕರುವನ್ನು ಇರಿಸುತ್ತಿದ್ದರು. ಬ್ರಿಟನ್ 1990ರಲ್ಲಿಯೂ ಯುರೋಪಿನ ಒಕ್ಕೂಟವು 2007ರಲ್ಲಿಯೂ ಇಂತಹ ಗೂಡುಗಳನ್ನು ನಿಷೇಧಿಸಿದವು. ಆದರೆ ಆ ಕರುಗಳು ಬರುವುದೆಲ್ಲಿಂದ? ಬಹುಪಾಲು ಹಾಲಿನ ಡೈರಿಗಳಿಂದಲೇ. ಹಾಲು ಕೊಡದ ಗಂಡುಕರು ಅಲ್ಲಿ ಬೇಡವಾದ ಜೀವ.

ನಮ್ಮ ದೇಶದಲ್ಲಿಯೂ ಟ್ರ್ಯಾಕ್ಟರ್ ಬಂದ ಮೇಲೆ ಹೋರಿಗರುವಿಗೆ ನೊಗವಿಲ್ಲ. ತಬೇಲಗಳಲ್ಲಿ ತಾಯಿಯ ಹಾಲು ಸಿಗದೆ ಸೊರಗುವ ಕೋಣಗರುಗಳನ್ನು ಮುಂಬಯಿಯ ಭಕ್ತರು ಕಂಡಿರಬಹುದು. ನಾವು ಮಾಂಸ ಮುಟ್ಟುವವರಲ್ಲ, ದಿಟ. ಹಾಲನ್ನೋ ದಿನವೂ ಕೊಳ್ಳುತ್ತೇವೆ. ನಗರದ ಪ್ಯಾಕೆಟ್ಟಿನಲ್ಲಿ ಎಷ್ಟೋ ಊರುಗಳ ಹಾಲು ಬೆರೆತಿರುತ್ತದೆ. ಅದರಲ್ಲಿ ವಿವತ್ಸೆಯದೆಷ್ಟೆಂದು ಬಲ್ಲವರಾರು?

ಚಾತುರ್ಮಾಸ್ಯದ ಕ್ಷೀರವ್ರತದಲ್ಲಿ ಒಂದು ಮಾಸ ಹಾಲನ್ನು ತೊರೆಯುವ ನಾವು, ವ್ರತ ಮುಗಿದು ಮತ್ತೆ ಹಾಲು ತರಿಸುವ ದಿನ, ಕರೆದು ಕೊಡುವವನು ಎದುರಿಗಿದ್ದಲ್ಲಿ, “ಕರು ಎಲ್ಲಿದೆಯಪ್ಪಾ?” ಎಂದು ಕೇಳಬಹುದು. ಉತ್ತರ ಬಾರದಿದ್ದರೆ ಆ ಹಾಲು ಅಭಿಷೇಕಕ್ಕೆ ಸಲ್ಲುವುದೇ ಎಂಬುದನ್ನು ಪ್ರತಿ ಮನೆಯಲ್ಲಿಯೂ ಹಿರಿಯರು ಕುಳಿತು ವಿಚಾರಿಸಬೇಕಾಗಿದೆ.