ಮೊಟ್ಟೆಯ ಕಾವು ಮತ್ತು ಹೇಂಟೆಯ ಪೋಷಣೆ

ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಯಂತಹ ಜನನಿಬಿಡ ನಗರಗಳಿರುವ ಥಾಣೆ ಜಿಲ್ಲೆಯಲ್ಲಿಯೇ ಮುರಬಾಡ, ಶಹಾಪುರ ತಾಲ್ಲೂಕುಗಳ ಹಳ್ಳಿಗಳೂ ಇವೆ. ನಗರಗಳಲ್ಲಿ ಮೊಟ್ಟೆಗೆ ಬೇಡಿಕೆಯಿದ್ದರೆ, ಈ ಹಳ್ಳಿಗಳಲ್ಲಿ ಹಿತ್ತಲ ಕೋಳಿ ಸಾಕಣೆ ಹಿಂದಿನಿಂದಲೂ ನಡೆದುಬಂದಿದೆ. ಹತ್ತಾರು ಕೋಳಿ ಸಾಕುವ ಕುಟುಂಬಕ್ಕೆ, ಕಾವಿಗಿಟ್ಟ ಮೊಟ್ಟೆಗಳಲ್ಲಿ ಅರ್ಧದಷ್ಟು ಮರಿಯಾಗದೆ ಹೋದರೆ ಮೂರು ವಾರಗಳ ಶ್ರಮವೂ ಮೊಟ್ಟೆಗಳ ಬೆಲೆಯೂ ಒಟ್ಟಿಗೆ ನಷ್ಟವಾಗುತ್ತವೆ. ಇದಕ್ಕೆ ಕಾವುಯಂತ್ರವನ್ನು ದೂರುವುದು ರೂಢಿ. ಆದರೆ ಅನೇಕ ವೇಳೆ ದೋಷದ ಮೂಲ ಹೇಂಟೆಯ ಆಹಾರದಲ್ಲಿರುತ್ತದೆ.

ಹೇಂಟೆಯ ಆಹಾರ

ಮೊಟ್ಟೆಯೊಳಗಿನ ಭ್ರೂಣಕ್ಕೆ 21 ದಿನಗಳ ಕಾಲ ಹೊರಗಿನಿಂದ ದೊರೆಯುವುದು ಶಾಖ ಮತ್ತು ಗಾಳಿ ಮಾತ್ರ. ಉಳಿದ ಪೋಷಕಾಂಶಗಳೆಲ್ಲವನ್ನೂ ಹೇಂಟೆಯೇ ಮುಂಚಿತವಾಗಿ ಮೊಟ್ಟೆಯಲ್ಲಿ ಕೂಡಿಟ್ಟಿರಬೇಕು. ಆಹಾರದಲ್ಲಿ ಬಿ-2 ಜೀವಸತ್ವದ ಕೊರತೆಯಿದ್ದರೆ ಹೇಂಟೆ ಮೊಟ್ಟೆಯನ್ನೇನೋ ಇಡಬಹುದು. ಆದರೆ ಭ್ರೂಣವು ನಡುವೆಯೇ ಸಾಯುತ್ತದೆ.

ಅಕ್ಕಿಯ ನುಚ್ಚು ಮತ್ತು ತೌಡಿನಿಂದ ಹೊಟ್ಟೆ ತುಂಬುವುದೇ ಹೊರತು ಪೋಷಣೆ ಪೂರ್ಣವಾಗದು. ಅವುಗಳೊಂದಿಗೆ ಹಿಂಡಿ, ಉಪ್ಪು ಹೆಚ್ಚಿಲ್ಲದ ಒಣಮೀನು, ಹಸಿರು ಸೊಪ್ಪು ಹಾಗೂ ಖನಿಜ ಮಿಶ್ರಣವನ್ನು ಕೊಡಬೇಕು. ಹೆಚ್ಚು ಮೊಟ್ಟೆಯಿಡುವ ಹೇಂಟೆಗೆ ದಿನಕ್ಕೆ 100ರಿಂದ 120 ಗ್ರಾಂ ಆಹಾರ ಬೇಕು. ಅದರಲ್ಲಿ ಶೇ. 16ರಿಂದ 18ರಷ್ಟು ಸಸಾರಜನಕ, ಸುಮಾರು ಶೇ. 3.5ರಷ್ಟು ಕ್ಯಾಲ್ಸಿಯಂ ಇರತಕ್ಕದ್ದು. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ವ್ಯಯವಾಗುತ್ತದೆ. ಚಿಪ್ಪು ಬಹುಪಾಲು ರಾತ್ರಿಯಲ್ಲಿ ರೂಪುಗೊಳ್ಳುವುದರಿಂದ ಸಂಜೆ ಕಪ್ಪೆಚಿಪ್ಪಿನ ತರಿಯನ್ನು ಬೇರೆ ತಟ್ಟೆಯಲ್ಲಿಡುವುದು ಒಳ್ಳೆಯದು. ಮಳೆಗಾಲದಲ್ಲಿ ಬೂಷ್ಟು ಹಿಡಿದ ಹಿಂಡಿಯನ್ನಾಗಲಿ ಜೋಳವನ್ನಾಗಲಿ ಎಂದಿಗೂ ಕೊಡಬಾರದು, ಅದು ವಿಷವಾಗಬಹುದು.

ಮೊಟ್ಟೆಗಳ ಆಯ್ಕೆ

ಹುಂಜವಿಲ್ಲದೆ ಇಟ್ಟ ಮೊಟ್ಟೆಯಿಂದ ಮರಿಯಾಗದು. ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಮಧ್ಯಮ ಗಾತ್ರದ, ಶುಚಿಯಾದ, ಬಿರುಕಿಲ್ಲದ ಮೊಟ್ಟೆಗಳನ್ನು ಆರಿಸಿ, ತೊಳೆಯದೆ, ತಂಪಾದ ಸ್ಥಳದಲ್ಲಿಟ್ಟು, ಒಂದು ವಾರದೊಳಗೆ ಕಾವಿಗಿಡಬೇಕು.

ಕಾವು ಕೊಡುವ ಕ್ರಮ

ನಾಟಿ ಹೇಂಟೆಯ ಅಡಿಯಲ್ಲಿ 10ರಿಂದ 12 ಮೊಟ್ಟೆಗಳನ್ನಿಡಬಹುದು. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಲಾದ ಗಿರಿರಾಜದಂತಹ ಸುಧಾರಿತ ತಳಿಯ ಹೇಂಟೆಗಳು ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಅವುಗಳ ಮೊಟ್ಟೆಗಳಿಗೆ ನಾಟಿ ಹೇಂಟೆ ಅಥವಾ ಕಾವುಯಂತ್ರ ಅಗತ್ಯ.

ಫ್ಯಾನ್ ಇರುವ ಯಂತ್ರದಲ್ಲಿ ಉಷ್ಣತೆ ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಮೊಟ್ಟೆಗಳ ಮೇಲ್ಮಟ್ಟದಲ್ಲಿ ಅಳೆದಾಗ ಸುಮಾರು 38.5 ಡಿಗ್ರಿ ಇರಬೇಕು. ಮೊದಲ 18 ದಿನ ಗಾಳಿಯ ತೇವಾಂಶ ಶೇ. 55ರಿಂದ 60, ಕೊನೆಯ ಮೂರು ದಿನ ಶೇ. 65ರಿಂದ 70 ಇರಲಿ. ಕೊಂಕಣದ ಮಳೆಗಾಲದಲ್ಲಿ ಹವೆಯೇ ತೇವವಾಗಿರುವುದರಿಂದ, ಮಾಪಕವನ್ನು ನೋಡಿಯೇ ತಟ್ಟೆಗೆ ನೀರು ಹಾಕತಕ್ಕದ್ದು. ಮೊಟ್ಟೆಗಳನ್ನು ದಿನಕ್ಕೆ ಮೂರರಿಂದ ಐದು ಬಾರಿ ತಿರುಗಿಸಿ, 18ನೆಯ ದಿನ ನಿಲ್ಲಿಸಬೇಕು. ವಿದ್ಯುತ್ ಹೋದಲ್ಲಿ ಮುಚ್ಚಳ ತೆರೆಯದೆ, ಗಾಳಿಯಾಡಲು ಅವಕಾಶವಿಟ್ಟು ಕಂಬಳಿ ಹೊದಿಸಬೇಕು. ಕೆಲವು ಗಂಟೆಗಳ ತಂಪಿಗಿಂತ ಅತಿಯಾದ ಶಾಖವೇ ಹೆಚ್ಚು ಅಪಾಯಕಾರಿ.

ದೋಷವನ್ನು ಗುರುತಿಸುವುದು

ಏಳನೆಯ ದಿನ ಕತ್ತಲೆಯಲ್ಲಿ ದೀಪಕ್ಕೆ ಹಿಡಿದು ನೋಡಿದಾಗ ರಕ್ತನಾಳಗಳು ಕಾಣದ ಮೊಟ್ಟೆಗಳನ್ನು ತೆಗೆಯಬೇಕು. ಮರಿಯಾಗದೆ ಉಳಿದವುಗಳನ್ನು ಕೊನೆಯಲ್ಲಿ ಒಡೆದು ನೋಡುವುದು ಉಪಯುಕ್ತ. ಭ್ರೂಣವೇ ಇಲ್ಲದಿದ್ದರೆ ಹುಂಜ ಅಥವಾ ಶೇಖರಣೆಯ ಕಡೆ, ಭ್ರೂಣ ನಡುವೆ ಸತ್ತಿದ್ದರೆ ಹೇಂಟೆಯ ಆಹಾರದ ಕಡೆ, ಪೂರ್ಣ ಬೆಳೆದು ಸತ್ತಿದ್ದರೆ ಶಾಖ ಮತ್ತು ತೇವಾಂಶದ ಕಡೆ ಮೊದಲು ಗಮನಹರಿಸಬೇಕು.

ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ ಅದನ್ನು ಆಹಾರದ ದೋಷವೆಂದು ಭಾವಿಸಿ ತಡಮಾಡಬಾರದು. 2022ರ ಫೆಬ್ರವರಿಯಲ್ಲಿ ಶಹಾಪುರ ತಾಲ್ಲೂಕಿನ ವೆಹ್ಲೋಳಿಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು, ಸುತ್ತಲಿನ ಕೋಳಿಗಳನ್ನು ಕೊಲ್ಲಬೇಕಾಗಿ ಬಂದಿತು. ಇಂತಹ ಸಂದರ್ಭದಲ್ಲಿ ಸತ್ತ ಕೋಳಿಗಳನ್ನು ಬರಿಗೈಯಿಂದ ಮುಟ್ಟದೆ, ಸಮೀಪದ ಪಶುವೈದ್ಯಾಧಿಕಾರಿಗಳಿಗೆ ಕೂಡಲೇ ತಿಳಿಸತಕ್ಕದ್ದು.