ಆಟ ಮತ್ತು ಅನ್ಯಭಾಷಾ ಕಲಿಕೆ: ಗೋಕರ್ಣ ಪರಿಸರದ ಹಿನ್ನೆಲೆಯಲ್ಲಿ

ಕರ್ನಾಟಕದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007-08ನೆಯ ಸಾಲಿನಿಂದ ಇಂಗ್ಲಿಷನ್ನು ಒಂದನೆಯ ತರಗತಿಯಿಂದಲೇ ಒಂದು ವಿಷಯವಾಗಿ ಬೋಧಿಸಲಾಗುತ್ತಿದೆ. ಆದರೆ ಕಲಿಕೆ ಬೇಗ ಆರಂಭವಾದ ಮಾತ್ರಕ್ಕೆ ಮಾತು ಬರುವುದಿಲ್ಲ. ಪಠ್ಯದ ವಾಕ್ಯಗಳನ್ನು ಕನ್ನಡಕ್ಕೆ ಅನುವಾದಿಸಿ ಕಂಠಪಾಠ ಮಾಡಿಸುವ ಕ್ರಮದಲ್ಲಿ ಆ ಭಾಷೆಯನ್ನು ಆಡುವ ಅಗತ್ಯವೇ ಮಗುವಿಗೆ ಉಂಟಾಗದು. ಅಂತಹ ಅಗತ್ಯವನ್ನು ಸೃಷ್ಟಿಸುವ ಸಾಧನವಾಗಿ ಆಟವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕುಮಟಾ ತಾಲ್ಲೂಕಿನ ಗೋಕರ್ಣಕ್ಕೆ ಸೇರಿದ ಓಂ ಬೀಚ್ ಪರಿಸರ ಈ ದೃಷ್ಟಿಯಿಂದ ಗಮನಾರ್ಹವಾದುದು. ಹವ್ಯಕ ಕನ್ನಡ, ಹಾಲಕ್ಕಿ ಒಕ್ಕಲಿಗರ ಕನ್ನಡ ಹಾಗೂ ಕೊಂಕಣಿ ಬಳಕೆಯಲ್ಲಿರುವ ಈ ಸೀಮೆಗೆ ವಿದೇಶಿ ಪ್ರವಾಸಿಗರೊಡನೆ ಇಂಗ್ಲಿಷೂ ಬಂದಿದೆ. ಅಲ್ಲಿ ಇಂಗ್ಲಿಷಿಗೆ ಅಗತ್ಯವಿದೆ. ಆದರೆ ಬೆಲೆ, ದಾರಿ, ಊಟ, ವಸತಿಗಳ ವ್ಯವಹಾರ ಕೆಲವೇ ಸಿದ್ಧ ಪದಗಳಲ್ಲಿ ಮುಗಿಯುವುದರಿಂದ ವಾಕ್ಯರಚನೆ ಬೆಳೆಯಲು ಆಸ್ಪದ ಕಡಿಮೆ. ಈ ಕೊರತೆಯನ್ನು ಕರಾವಳಿಯ ಮಕ್ಕಳಿಗೆ ಪರಿಚಿತವಾದ ಆಟಗಳು ತುಂಬಬಲ್ಲವು.

ಚೆನ್ನೆಮಣೆಯನ್ನು ಉದಾಹರಿಸಬಹುದು. ಏಳೇಳರ ಎರಡು ಸಾಲುಗಳಲ್ಲಿ 14 ಗುಳಿಗಳಿರುವ ಈ ಮಣೆಯಲ್ಲಿ ಎಣಿಕೆಯೇ ಆಟದ ಜೀವಾಳ. ಕನ್ನಡದಲ್ಲಿ ‘ಒಂದು ಬೀಜ’, ‘ನಾಲ್ಕು ಬೀಜ’ ಎನ್ನುವಾಗ ನಾಮಪದಕ್ಕೆ ಬಹುವಚನ ಪ್ರತ್ಯಯ ಅನಿವಾರ್ಯವಲ್ಲ. ಇಂಗ್ಲಿಷಿನಲ್ಲಿ ‘ವನ್ ಸೀಡ್’ ಎಂಬುದು ‘ಫೋರ್ ಸೀಡ್ಸ್’ ಆಗಲೇಬೇಕು. ಕನ್ನಡದ ಮಗು ‘ಫೋರ್ ಸೀಡ್’ ಎನ್ನುವುದು ಅಜ್ಞಾನವಲ್ಲ, ತಾಯ್ನುಡಿಯ ನಿಯಮದ ವಿಸ್ತರಣೆ. ಸರಿಯಾದ ರೂಪವನ್ನು ಉಚ್ಚರಿಸಿದವರಿಗೆ ಮಾತ್ರ ಗೆದ್ದ ಬೀಜಗಳು ಸಲ್ಲುತ್ತವೆ ಎಂಬ ನಿಯಮವೊಂದನ್ನು ಸೇರಿಸಿದರೆ, ವ್ಯಾಕರಣವು ಆಟದ ನಡೆಯೇ ಆಗುತ್ತದೆ.

ಕಣ್ಣಾಮುಚ್ಚಾಲೆಯದೂ ಇದೇ ಬಗೆ. ‘ಬಂಡೆಯ ಹಿಂದೆ’ ಎಂಬಲ್ಲಿ ಸ್ಥಳವಾಚಕವು ನಾಮಪದದ ಅನಂತರ ಬರುತ್ತದೆ. ‘ಬಿಹೈಂಡ್ ದ ರಾಕ್’ ಎಂಬಲ್ಲಿ ಮೊದಲು ಬರುತ್ತದೆ. ಅಡಗಿದವರ ಜಾಗವನ್ನು ಇಂಗ್ಲಿಷಿನಲ್ಲಿ ಹೇಳಿದರಷ್ಟೇ ಹಿಡಿದಂತೆ ಎಂದಾದಾಗ ಈ ಪಲ್ಲಟ ಮಗುವಿಗೆ ರೂಢಿಯಾಗುತ್ತದೆ.

ಇದಕ್ಕೆ ಮಿತಿಗಳೂ ಉಂಟು. ಮಾತಿಲ್ಲದೆಯೂ ಗೆಲ್ಲಬಹುದಾದ ಆಟದಿಂದ ಭಾಷೆ ಬಾರದು. ಚುರುಕಾದವರೇ ಮಾತನಾಡಿ ಉಳಿದವರು ಮೌನವಾಗುವ ಅಪಾಯವೂ ಇದೆ. ಆದ್ದರಿಂದ ಸಣ್ಣ ಗುಂಪುಗಳು ಅಗತ್ಯ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯು ಗುಂಪು ಚಟುವಟಿಕೆಗೆ ಶಾಲೆಯಲ್ಲಿ ಸ್ಥಾನ ಕಲ್ಪಿಸಿರುವುದನ್ನು ಇಲ್ಲಿ ಸ್ಮರಿಸಬಹುದು.

ಇಂಗ್ಲಿಷಿನ ಹಂಬಲದಿಂದ ಪೋಷಕರು ಕನ್ನಡ ಶಾಲೆಯನ್ನು ತೊರೆಯುತ್ತಿರುವ ಸಂದರ್ಭದಲ್ಲಿ ಈ ವಿಚಾರಕ್ಕೆ ಬೋಧನಾಕ್ರಮವನ್ನು ಮೀರಿದ ಮಹತ್ವವಿದೆ. ನಿಯಮವನ್ನು ಕನ್ನಡದಲ್ಲಿ ವಿವರಿಸಿ, ನಡೆಯನ್ನು ಇಂಗ್ಲಿಷಿನಲ್ಲಿ ಆಡಿಸುವ ತರಗತಿಯಲ್ಲಿ ಒಂದು ಭಾಷೆ ಇನ್ನೊಂದರ ಜಾಗವನ್ನು ಕಸಿಯುವುದಿಲ್ಲ. ತಾಯ್ನುಡಿಯೇ ಅನ್ಯಭಾಷೆಗೆ ಮೆಟ್ಟಿಲಾಗುತ್ತದೆ.