ಸುಸ್ತು, ಚಳಿಯನ್ನು ಸಹಿಸಿಕೊಂಡು ಕೂರಬೇಡಿ
ಕ್ಯಾನ್ಸರ್ ಚಿಕಿತ್ಸೆ ಮುಗಿದು ತಿಂಗಳುಗಳಾದರೂ ಸುಸ್ತು, ಚಳಿ ಬಿಡದಿದ್ದರೆ ‘ಕೀಮೋ ಆದಮೇಲೆ ಹೀಗೇ’ ಎಂದು ಕಂಬಳಿ ಹೊದ್ದು ಮಲಗಿಬಿಡಬೇಡಿ. ರಕ್ತಹೀನತೆಯಿಂದಲೂ ಹೀಗಾಗುತ್ತದೆ; ಕುತ್ತಿಗೆಗೆ ರೇಡಿಯೇಷನ್ ಪಡೆದವರಲ್ಲಿ ವರ್ಷಗಳ ನಂತರವೂ ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಬಹುದು. ಎರಡೂ ರಕ್ತಪರೀಕ್ಷೆಯಲ್ಲಿ ತಿಳಿಯುತ್ತವೆ, ಎರಡಕ್ಕೂ ಚಿಕಿತ್ಸೆಯಿದೆ. ಡಾಕ್ಟರಿಗೆ ಹೇಳಲು ಸಂಕೋಚವೇಕೆ? ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ನಿಮ್ಮ ಸುಸ್ತು ಸುಳ್ಳಲ್ಲ, ಮನೆಯವರು ಅದನ್ನು ಸೋಮಾರಿತನ ಎನ್ನಬಾರದು. ಜೊತೆಗೆ ಸ್ವಲ್ಪ ಸ್ವಲ್ಪ ನಡೆಯಿರಿ. ‘ಸುಸ್ತಾದವರು ನಡೆಯುವುದು ಹೇಗೆ’ ಎಂದು ಕೇಳುವಿರಿ, ನ್ಯಾಯವಾದ ಪ್ರಶ್ನೆಯೇ. ಆದರೆ ಈ ಸುಸ್ತು ಬರೀ ನಿದ್ದೆಯಿಂದ ನೀಗುವುದಿಲ್ಲ, ಮಲಗಿದಷ್ಟೂ ಸ್ನಾಯು ಸೊರಗುತ್ತದೆ. ಹಿತಮಿತವಾದ ನಡಿಗೆ ಸುಸ್ತನ್ನು ತಗ್ಗಿಸುತ್ತದೆಂದು ಅನೇಕ ಅಧ್ಯಯನಗಳು ತೋರಿಸಿವೆ. ಅಂಗಳದಲ್ಲಿ ಐದು ನಿಮಿಷದಿಂದ ಶುರುಮಾಡಿ. ಪಾದ ಜೋಮು ಹಿಡಿದಿದ್ದರೆ ಚಳಿಗೆಂದು ಬಿಸಿನೀರಿನ ಚೀಲ ಬೇಡ, ಸುಟ್ಟರೂ ತಿಳಿಯದು, ಕಾಲುಚೀಲ ಸಾಕು. ಕೀಮೋ ಮುಗಿದ ಹೊಸತರಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅಥವಾ ಮೈ ನಡುಗಿದರೆ, ಮಾತ್ರೆ ನುಂಗಿ ಬೆಳಗಿನವರೆಗೆ ಕಾಯಬೇಡಿ. ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.